ಕಳೆದಿದ್ದೋ, ಕಳವಾಗಿದ್ದೋ

2024ರ ಆಗಸ್ಟ್ ತಿಂಗಳ ಒಂದು ಸಂತೆಯ ದಿನ, ಸೊಪ್ಪಿನ ಕಟ್ಟು ಆರಿಸಲು ಬಗ್ಗಿದ್ದ ಹೊತ್ತಿನಲ್ಲಿ ನನ್ನ ಅಂಗಿಯ ಮೇಲುಜೇಬಿನಿಂದ ಮೊಬೈಲ್ ಹೋಯಿತು. ಪಕ್ಕದಲ್ಲಿ ಒತ್ತಿಕೊಂಡು ಬಂದವನೊಬ್ಬನ ಮೊಣಕೈ ಎದೆಗೆ ತಾಗಿದ್ದು, ಅವನು ತಿರುಗಿ ನೋಡದೆ ಜನರ ನಡುವೆ ಸರಿದುಹೋಗಿದ್ದು ಇಷ್ಟೂ ನನಗೆ ಸ್ಪಷ್ಟವಾಗಿ ನೆನಪಿದೆ. ಮನೆಗೆ ಹೋಗಿ ಸೊಪ್ಪು ಇಳಿಸಿ, ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಂಡು ಠಾಣೆಗೆ ಹೋದೆ. ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ ನಮ್ಮ ಊರಿನ ಯಾವ ಕಚೇರಿಗೆ ಹೋದರೂ ಒಬ್ಬ ಹಳೆಯ ವಿದ್ಯಾರ್ಥಿ ಸಿಗುತ್ತಾನೆ. ಠಾಣೆಯ ಬರವಣಿಗೆ ನೋಡಿಕೊಳ್ಳುವ ಹೆಡ್ ಕಾನ್‌ಸ್ಟೆಬಲ್, ಅಂದರೆ ಎಲ್ಲರೂ ‘ರೈಟರ್’ ಎಂದು ಕರೆಯುವವರು, ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಹಾಕಿಸಿದರು. ಅರ್ಜಿಯನ್ನು ಎರಡು ಸಲ ಓದಿ, ಬಹಳ ಸೌಜನ್ಯದಿಂದ ಹೇಳಿದರು: “ಸಾರ್, ‘ಕಳವಾಗಿದೆ’ ಅಂತ ಬರೆದಿದ್ದೀರಿ. ‘ಕಳೆದುಹೋಗಿದೆ’ ಅಂತ ಬರೆದುಕೊಟ್ಟುಬಿಡಿ. ಇವತ್ತೇ ಹಿಂಬರಹ ಕೊಡ್ತೀನಿ. ಹೊಸ ಸಿಮ್ ತಗೊಳ್ಳೋಕೂ ಮೊಬೈಲ್ ಬ್ಲಾಕ್ ಮಾಡಿಸೋಕೂ ಅಷ್ಟು ಸಾಕು.”

ಹಿಂಬರಹವೆಂದರೆ ಅರ್ಜಿ ಬಂದಿದೆಯೆಂದು ಠಾಣೆ ಬರೆದುಕೊಡುವ ಕಾಗದ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೆ ಬೇಕಾಗಿದ್ದೂ ಅದೇ ನಂಬರಿನ ಸಿಮ್ ಮಾತ್ರ. ಪಿಂಚಣಿಯ ಬ್ಯಾಂಕ್ ಖಾತೆ ಅದಕ್ಕೇ ಜೋಡಣೆಯಾಗಿತ್ತು. ನಾನು ಇನ್ನೊಂದು ಹಾಳೆ ಕೇಳಿ ಪಡೆದು, ಹೇಳಿದಂತೆ ಬರೆದುಕೊಟ್ಟೆ. ಈ ಕಥನದಲ್ಲಿ ನಾನು ಯಾರ ಮೇಲೆ ಏನೇ ಹೇಳಿದರೂ, ಆ ಎರಡನೆಯ ಹಾಳೆಯ ಅಕ್ಷರ ನನ್ನದು ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು.

ಎರಡು ವಾರದ ನಂತರ ಊರಿನ ಸಮುದಾಯ ಭವನದಲ್ಲಿ ಪೊಲೀಸರು ಸಾರ್ವಜನಿಕರ ಸಭೆ ಕರೆದರು. ಕಳ್ಳತನ ಹೆಚ್ಚಾಗಿದೆ ಎಂದು ಅಂಗಡಿಯವರು ದೂರಿದಾಗ, ವೇದಿಕೆಯ ಮೇಲಿದ್ದ ಅಧಿಕಾರಿ ಒಂದು ಚೀಟಿ ನೋಡಿಕೊಂಡು, ಹಿಂದಿನ ವರ್ಷಕ್ಕೆ ಹೋಲಿಸಿದರೆ ಕಳವು ಪ್ರಕರಣಗಳು ಇಳಿದಿವೆ ಎಂದರು. ಸಭೆಯಲ್ಲಿ ಗೊಣಗಾಟ ಎದ್ದಿತು. ನನಗೆ ಮಾತ್ರ ತರಗತಿಯಲ್ಲಿ ಸಾವಿರ ಸಲ ಹೇಳಿದ ಮಾತು ನೆನಪಾಯಿತು: ಎಣಿಕೆಯನ್ನು ಒಪ್ಪುವ ಮುನ್ನ ಎಣಿಸಿದ್ದು ಏನನ್ನು ಎಂದು ಕೇಳಬೇಕು. ಆ ಚೀಟಿಯಲ್ಲಿ ನನ್ನ ಮೊಬೈಲ್ ಇರಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ.

ಮೊದಲು ಮನೆಯಲ್ಲೇ ಕುಳಿತು ಸಾರ್ವಜನಿಕವಾಗಿ ಏನು ಸಿಗುತ್ತದೆಯೋ ಅದನ್ನು ಹುಡುಕಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೊರತರುವ ‘ಭಾರತದಲ್ಲಿ ಅಪರಾಧ’ ವಾರ್ಷಿಕ ವರದಿ 1953ರಿಂದ ಬರುತ್ತಿದೆ. ಆದರೆ ಅದು ವರ್ಷ ಕಳೆದು ಬಹಳ ಕಾಲದ ಮೇಲೆ ಕೈಗೆ ಸಿಗುವಂಥದ್ದು. 2022ರ ಅಂಕಿಅಂಶ ಪ್ರಕಟವಾಗಿದ್ದು 2023ರ ಡಿಸೆಂಬರಿನಲ್ಲಿ. ಅದರಲ್ಲಿ ರಾಜ್ಯಗಳಿವೆ, ಮಹಾನಗರಗಳಿವೆ. ನಮ್ಮ ಠಾಣೆ ಇಲ್ಲ. ಒಂದೇ ಪ್ರಥಮ ವರ್ತಮಾನ ವರದಿಯಲ್ಲಿ (ಎಫ್‌ಐಆರ್) ಹಲವು ಅಪರಾಧಗಳಿದ್ದರೆ ಅತಿ ಘೋರವಾದುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಅಲ್ಲಿದೆ. ಹೀಗಾಗಿ ಕೊಲೆ ಮಾಡಿ ಚಿನ್ನ ದೋಚಿದ ಪ್ರಕರಣ ಕೊಲೆಯ ಸಾಲಿನಲ್ಲಿ ಕೂರುತ್ತದೆ, ಚಿನ್ನದ ಸುದ್ದಿ ಇರುವುದಿಲ್ಲ. ಅಪರಾಧದ ಏರಿಕೆ ಬೇರೆ, ಪೊಲೀಸರ ದಾಖಲಾತಿಯ ಏರಿಕೆ ಬೇರೆ, ಇವೆರಡನ್ನು ಬೆರೆಸಬಾರದು ಎಂಬ ಎಚ್ಚರಿಕೆಯನ್ನು ವರದಿಯೇ ಕೊಡುತ್ತದೆ. ಪತ್ರಿಕೆಗಳಲ್ಲಿ ‘ಅಪರಾಧದಲ್ಲಿ ಇಂಥ ರಾಜ್ಯ ಮೊದಲು’ ಎಂಬ ತಲೆಬರಹ ಬರೆಯುವವರು ಆ ಪುಟದವರೆಗೆ ಹೋಗುವುದಿಲ್ಲ; ದೂರು ಹೆಚ್ಚು ದಾಖಲಿಸಿಕೊಳ್ಳುವ ಕೇರಳದಂಥ ರಾಜ್ಯ ಪಟ್ಟಿಯಲ್ಲಿ ಮೇಲೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ದಾರಿ ಪ್ರಥಮ ವರ್ತಮಾನ ವರದಿಗಳದು. ಯೂತ್ ಬಾರ್ ಅಸೋಸಿಯೇಷನ್ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಕೊಟ್ಟ ಆದೇಶದಂತೆ, ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ, ಸಂಪರ್ಕದ ತೊಂದರೆ ಇರುವ ಕಡೆ ಗರಿಷ್ಠ 72 ಗಂಟೆಯೊಳಗೆ, ಅದನ್ನು ಜಾಲತಾಣಕ್ಕೆ ಏರಿಸಬೇಕು. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ನಮ್ಮ ರಾಜ್ಯ ಪೊಲೀಸರ ತಾಣದಲ್ಲಿ ಈ ಸೌಲಭ್ಯ ಇದೆ, ನಿಜ. ಆದರೆ ಜಿಲ್ಲೆ, ಠಾಣೆ, ವರ್ಷ, ಅಪರಾಧ ಸಂಖ್ಯೆ ಎಲ್ಲವನ್ನೂ ಕೊಟ್ಟರೆ ಒಂದು ಎಫ್‌ಐಆರ್ ತೆರೆದುಕೊಳ್ಳುತ್ತದೆ. ಅಂದರೆ ಆ ವ್ಯವಸ್ಥೆ ತನ್ನ ಪ್ರಕರಣದ ಸಂಖ್ಯೆ ಗೊತ್ತಿರುವ ಕಕ್ಷಿದಾರನಿಗಾಗಿ ಇದೆ, ಒಟ್ಟು ಎಷ್ಟು ಎಂದು ಕೇಳುವವನಿಗಾಗಿ ಅಲ್ಲ. ಪ್ರತಿ ಠಾಣೆಯಲ್ಲೂ ಜನವರಿ ಒಂದರಿಂದ ಅಪರಾಧ ಸಂಖ್ಯೆ ಹೊಸದಾಗಿ ಶುರುವಾಗುವುದರಿಂದ, ಒಂದು, ಎರಡು, ಮೂರು ಎಂದು ಹಾಕುತ್ತಾ ಹೋದರೆ ಲೆಕ್ಕ ಸಿಕ್ಕೀತು ಎಂದು ನಾಲ್ಕು ರಾತ್ರಿ ಪ್ರಯತ್ನಿಸಿದೆ. ಪ್ರತಿ ಸಲವೂ ಸೊಟ್ಟ ಅಕ್ಷರಗಳನ್ನು ಗುರುತಿಸಿ ನಾನು ಮನುಷ್ಯನೆಂದು ರುಜುವಾತು ಮಾಡಬೇಕಿತ್ತು. ಐದನೆಯ ರಾತ್ರಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನಿಗೆ ಇದೇನು ಹುಚ್ಚು ಎಂದು ಹೆಂಡತಿ ದೀಪ ಆರಿಸಿದಳು.

ಹಾಗಾಗಿ ಮಾಹಿತಿ ಹಕ್ಕು ಕಾಯ್ದೆಯ ಮೊರೆ ಹೋದೆ. ನಮೂನೆ ‘ಎ’ ತುಂಬಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಉತ್ಸಾಹದಲ್ಲಿ ಏಳು ಪ್ರಶ್ನೆ ಕೇಳಿದ್ದೆ: ಕಳವು ಎಷ್ಟು, ಪತ್ತೆಯಾದದ್ದು ಎಷ್ಟು, ಠಾಣೆಗೆ ಮಂಜೂರಾದ ಸಿಬ್ಬಂದಿ ಎಷ್ಟು, ಹೀಗೆ. ಕರ್ನಾಟಕದ ನಿಯಮಗಳಲ್ಲಿ 2008ರಲ್ಲಿ ಸೇರಿಸಿದ ಒಂದು ಷರತ್ತಿನ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಅರ್ಜಿ ಹಿಂದಿರುಗಿತು. ಸಿಟ್ಟು ಬಂದರೂ, ಇದರಿಂದ ನನಗೆ ಉಪಕಾರವೇ ಆಯಿತೆಂದು ಈಗ ಅನ್ನಿಸುತ್ತದೆ. ನೂರೈವತ್ತು ಪದದಲ್ಲಿ ಕೇಳಬೇಕಾದಾಗ, ನನಗೆ ನಿಜವಾಗಿ ಬೇಕಾದದ್ದೇನು ಎಂದು ಯೋಚಿಸಬೇಕಾಯಿತು. ಎರಡನೆಯ ಅರ್ಜಿಯಲ್ಲಿ ಒಂದೇ ಪ್ರಶ್ನೆ ಇಟ್ಟೆ: 2022, 2023 ಮತ್ತು 2024ರಲ್ಲಿ ಈ ಠಾಣೆಯಲ್ಲಿ ದಾಖಲಾದ ಕಳವು ಪ್ರಕರಣಗಳನ್ನು ತಿಂಗಳುವಾರು, ಕಳವಾದ ವಸ್ತುವಿನ ಬಗೆಯನ್ನು ನಮೂದಿಸಿ ಕೊಡಿ; ಹೆಸರು, ವಿಳಾಸ, ಫೋನ್ ನಂಬರ್ ಯಾವುದೂ ಬೇಡ.

ಇಪ್ಪತ್ತೆಂಟನೆಯ ದಿನ ಉತ್ತರ ಬಂದಿತು. ಸದರಿ ಪ್ರಕರಣಗಳಲ್ಲಿ ಕೆಲವು ತನಿಖೆಯ ಹಂತದಲ್ಲಿ ಇರುವುದರಿಂದ ಆ ಕಾಯ್ದೆಯ ಕಲಂ 8(1)(ಎಚ್) ಅಡಿ ಮಾಹಿತಿ ನೀಡಲು ಅವಕಾಶವಿಲ್ಲ ಎಂದಿತ್ತು. ಆ ಕಲಂ ಹೇಳುವುದು ತನಿಖೆಗೆ ಅಡ್ಡಿಯಾಗುವ ಮಾಹಿತಿಯ ಬಗ್ಗೆ. ತನಿಖೆ ನಡೆಯುತ್ತಿದೆ ಎಂಬ ಒಂದೇ ಕಾರಣ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಇದನ್ನು ನನಗೆ ತಿಳಿಸಿಕೊಟ್ಟವರು ತಾಲ್ಲೂಕು ನ್ಯಾಯಾಲಯದ ಒಬ್ಬ ವಕೀಲರು. ಅವರೂ ಹಳೆಯ ವಿದ್ಯಾರ್ಥಿ, ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ನಪಾಸಾದವರು. ಅವರು ಬರೆಸಿದಂತೆ ಮೂವತ್ತು ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಿದೆ. ಕಳೆದ ವರ್ಷ ಮಾರ್ಚಿನಲ್ಲಿ ಎಷ್ಟು ಬೈಕು ಕಳವಾಯಿತು ಎಂದು ನನಗೆ ಗೊತ್ತಾದರೆ ಯಾವ ಕಳ್ಳ ತಪ್ಪಿಸಿಕೊಳ್ಳುತ್ತಾನೆ ಎಂದು ಅದರಲ್ಲಿ ಕೇಳಿದ್ದೆ. ವಿಚಾರಣೆಯ ದಿನ ಮೇಲ್ಮನವಿ ಅಧಿಕಾರಿ ಆ ಸಾಲನ್ನು ಗಟ್ಟಿಯಾಗಿ ಓದಿ ನಕ್ಕುಬಿಟ್ಟರು. ಹತ್ತು ನಿಮಿಷದಲ್ಲಿ ವಿಚಾರಣೆ ಮುಗಿಯಿತು. ಹದಿನೈದು ದಿನದಲ್ಲಿ ಮಾಹಿತಿ ಕೊಡಬೇಕೆಂದು ಆದೇಶವಾಯಿತು. ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿ ಹನ್ನೊಂದು ಪುಟ ಪಡೆದೆ. ಕಂಪ್ಯೂಟರಿನಲ್ಲೇ ಇರುವ ಪಟ್ಟಿಯನ್ನು ಮುದ್ರಿಸಿ, ಸಹಿ ಮೊಹರು ಹಾಕಿ, ಅದನ್ನು ನಾನು ಮತ್ತೆ ಕಂಪ್ಯೂಟರಿಗೆ ತುಂಬುವ ಈ ಪ್ರದಕ್ಷಿಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಆ ಹನ್ನೊಂದು ಪುಟಗಳನ್ನು ಹರಡಿಕೊಂಡು ಕುಳಿತ ಸಂಜೆಯೇ ಇಡೀ ವಿಷಯ ತಿರುಗಿಕೊಂಡಿತು. ಮೂರು ವರ್ಷಗಳ ಕಳವು ಪ್ರಕರಣಗಳಲ್ಲಿ ದ್ವಿಚಕ್ರ ವಾಹನಗಳದ್ದೇ ಸಿಂಹಪಾಲು. ಪ್ರತಿ ತಿಂಗಳೂ ಇದ್ದವು. ಮೊಬೈಲ್ ಕಳವು ಮಾತ್ರ ಮೂರು ವರ್ಷಕ್ಕೆ ಸೇರಿ ಕೈಬೆರಳಲ್ಲಿ ಎಣಿಸುವಷ್ಟು. ವಾರಕ್ಕೊಂದು ಸಂತೆ, ಎರಡು ಬಸ್ ನಿಲ್ದಾಣ, ವರ್ಷಕ್ಕೊಂದು ಜಾತ್ರೆ ಇರುವ ಊರಿನಲ್ಲಿ ಬೈಕು ಕದಿಯುವವರೇ ಹೆಚ್ಚು, ಮೊಬೈಲ್ ಕದಿಯುವವರೇ ಇಲ್ಲ ಎಂದು ಈ ಪಟ್ಟಿ ಹೇಳುತ್ತಿತ್ತು. ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ. ಬೈಕು ಕಳೆದುಕೊಂಡವನು ಎಫ್‌ಐಆರ್ ಇಲ್ಲದೆ ಠಾಣೆ ಬಿಟ್ಟು ಏಳುವುದಿಲ್ಲ, ಏಕೆಂದರೆ ಅದಿಲ್ಲದೆ ವಿಮಾ ಕಂಪನಿ ಕಾಸು ಬಿಚ್ಚುವುದಿಲ್ಲ. ಬೈಕು ಸಿಗದಿದ್ದರೆ ಪತ್ತೆಯಾಗಿಲ್ಲವೆಂಬ ‘ಸಿ ರಿಪೋರ್ಟ್’ ಸಹ ಬೇಕಾಗುತ್ತದೆ. ಮೊಬೈಲ್ ಕಳೆದುಕೊಂಡವನಿಗೆ ಬೇಕಾದದ್ದು ಸಿಮ್. ಅದಕ್ಕೆ ಹಿಂಬರಹವೋ, ಕಳೆದ ವಸ್ತುವಿಗೆ ಆನ್‌ಲೈನಿನಲ್ಲಿ ಪಡೆಯುವ ಇ-ಲಾಸ್ಟ್ ವರದಿಯೋ ಸಾಕು. ಹೀಗಾಗಿ ಆ ಹನ್ನೊಂದು ಪುಟಗಳು ನಮ್ಮ ಊರಿನ ಕಳ್ಳರ ಬಗ್ಗೆ ಹೇಳಿದ್ದಕ್ಕಿಂತ ಹೆಚ್ಚಾಗಿ, ಯಾರಿಗೆ ಯಾವ ಕಾಗದ ಅಗತ್ಯವಿತ್ತು ಎಂಬುದನ್ನು ಹೇಳುತ್ತಿದ್ದವು.

ಇದರ ಮೇಲೆ 2024ರ ಜುಲೈ 1ರಿಂದ ಕಾನೂನೇ ಬದಲಾಗಿತ್ತು. ಭಾರತೀಯ ದಂಡ ಸಂಹಿತೆಯ ಕಲಂ 379ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 303(2) ಬಂದಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿಯಲ್ಲಿ ಅಸಂಜ್ಞೇಯ, ಅಂದರೆ ನ್ಯಾಯಾಲಯದ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧ ಎಂದಾಗಿದೆ. ಅಂಥದ್ದಕ್ಕೆ ಎಫ್‌ಐಆರ್ ಅಲ್ಲ, ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ. ರೈಟರ್ ಆ ದಿನ ಮಾತಿನ ನಡುವೆ “ಎಷ್ಟು ವರ್ಷದ ಮೊಬೈಲು ಸಾರ್? ಈಗ ಎಷ್ಟು ಬೆಲೆ ಬಾಳುತ್ತೆ?” ಎಂದು ಕೇಳಿದ್ದು, ನಾನು ಸಂಕೋಚದಿಂದ “ಹಳೇದಪ್ಪ, ಮೂರು ನಾಲ್ಕು ಸಾವಿರ ಸಿಕ್ಕರೆ ಹೆಚ್ಚು” ಎಂದದ್ದು ಆಗ ನೆನಪಾಯಿತು. ಸಭೆಯಲ್ಲಿ ಅಧಿಕಾರಿ ಹೇಳಿದ ಇಳಿಕೆಯಲ್ಲಿ ಕಳ್ಳರ ಪಾಲೆಷ್ಟು, ಹೊಸ ಅನುಸೂಚಿಯ ಪಾಲೆಷ್ಟು, ರೈಟರ್ ಲೇಖನಿಯ ಪಾಲೆಷ್ಟು ಎಂದು ಬಿಡಿಸಿ ನೋಡಲು ಎಫ್‌ಐಆರ್ ಲೆಕ್ಕ ಒಂದರಿಂದಲೇ ಸಾಧ್ಯವಿರಲಿಲ್ಲ. ಎಫ್‌ಐಆರ್ ಆಗದೆ ಉಳಿದ ಅರ್ಜಿಗಳ ಪುಸ್ತಕ ನೋಡಬೇಕಿತ್ತು.

ಮೂರನೆಯ ಅರ್ಜಿ ಅದಕ್ಕಾಗಿ. ಈ ಸಲ ಪ್ರತಿ ಕೇಳಲಿಲ್ಲ, ಮಾಹಿತಿ ಹಕ್ಕು ಕಾಯ್ದೆಯ ಕಲಂ 2(ಜೆ) ಕೊಡುವ ಪರಿಶೀಲನೆಯ ಹಕ್ಕನ್ನು ಬಳಸಿ ಅರ್ಜಿ ವಿಚಾರಣೆಯ ವಹಿ ಮತ್ತು ಎನ್‌ಸಿಆರ್ ವಹಿಯನ್ನು ಠಾಣೆಯಲ್ಲೇ ನೋಡಲು ಕೇಳಿದೆ. ಮತ್ತೆ ನಿರಾಕರಣೆ ಬಂದಿತು, ಈ ಬಾರಿ ಮೂರನೆಯ ವ್ಯಕ್ತಿಗಳ ಖಾಸಗಿತನದ ಕಾರಣ ಕೊಟ್ಟು. ಈ ಕಾರಣವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆ ವಹಿಯಲ್ಲಿ ಗಂಡ ಹೆಂಡಿರ ಜಗಳಗಳಿರುತ್ತವೆ, ಮನೆ ಬಿಟ್ಟುಹೋದ ಮಗಳ ವಿಷಯ ಇರುತ್ತದೆ, ಸಾಲಗಾರರ ಕಾಟ ಇರುತ್ತದೆ. ನಮ್ಮಂಥ ಚಿಕ್ಕ ಊರಿನಲ್ಲಿ ಹೆಸರು ಅಳಿಸಿದರೂ ಬೀದಿಯ ಗುರುತಿನಿಂದ ಮನೆ ಪತ್ತೆಯಾಗುತ್ತದೆ. ಆದರೆ ಮುಚ್ಚಬೇಕಾದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬೇಕೆಂದು ಕಲಂ 10 ಹೇಳುತ್ತದೆ. ನನಗೆ ಬೇಕಿದ್ದುದು ತಾರೀಖು, ವಿಷಯ, ಕೊನೆಗೆ ಏನು ಮಾಡಲಾಯಿತು ಎಂಬ ಮೂರು ಕಾಲಂ ಮಾತ್ರ. ಮೇಲ್ಮನವಿಯಲ್ಲಿ ಅದೇ ಅಧಿಕಾರಿ ಆಸ್ತಿಗೆ ಸಂಬಂಧಿಸಿದ ಅರ್ಜಿಗಳಿಗೆ ಸೀಮಿತವಾಗಿ, ಹೆಸರು ವಿಳಾಸ ಮರೆಮಾಡಿ ತೋರಿಸಲು ಆದೇಶಿಸಿದರು.

ಮರೆಮಾಡುವ ವಿಧಾನವನ್ನು ಠಾಣೆಯವರೇ ಕಂಡುಕೊಂಡಿದ್ದರು. ಹಳೆಯ ಫೈಲಿನ ರಟ್ಟನ್ನು ಉದ್ದಕ್ಕೆ ಕತ್ತರಿಸಿ, ಹೆಸರಿನ ಕಾಲಂ ಮೇಲೆ ಅಡ್ಡ ಹಿಡಿದು, ಒಬ್ಬ ಮಹಿಳಾ ಕಾನ್‌ಸ್ಟೆಬಲ್ ನನ್ನ ಎದುರು ಕುಳಿತರು. ಪುಟ ತಿರುಗಿಸುವುದು ಅವರು, ಗೀಟು ಹಾಕಿ ಎಣಿಸುವುದು ನಾನು. ಆಸ್ತಿಗೆ ಸಂಬಂಧಿಸದ ಸಾಲು ಬಂದರೆ ರಟ್ಟನ್ನು ಅಡ್ಡಡ್ಡ ತಿರುಗಿಸಿ ಇಡೀ ಸಾಲು ಮುಚ್ಚುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಮ್ಮಿಬ್ಬರಿಗೂ ಒಂದು ಲಯ ಸಿಕ್ಕಿತ್ತು; ಅವರು “ಇದು ನಿಮ್ಮದಲ್ಲ ಸಾರ್” ಎಂದು ರಟ್ಟು ಸರಿಸುವುದು, ನಾನು ಮುಂದಿನ ಸಾಲಿಗೆ ಹೋಗುವುದು. ವಿಷಯದ ಕಾಲಮಿನಲ್ಲಿ ಮೂರು ಮಾತುಗಳು ಮತ್ತೆ ಮತ್ತೆ ಬರುತ್ತಿದ್ದವು: ‘ಮೊಬೈಲ್ ಕಾಣೆಯಾದ ಬಗ್ಗೆ’, ‘ಮೊಬೈಲ್ ಬಿದ್ದುಹೋದ ಬಗ್ಗೆ’, ‘ಮೊಬೈಲ್ ಕಳೆದುಹೋದ ಬಗ್ಗೆ’. ಕೊನೆಯ ಕಾಲಮಿನಲ್ಲಿ ಒಂದೇ ಮಾತು: ‘ಹಿಂಬರಹ ನೀಡಲಾಗಿದೆ’. ತಾರೀಖುಗಳನ್ನು ಪಂಚಾಂಗದ ಪಕ್ಕ ಇಟ್ಟು ನೋಡಿದಾಗ ಅವು ಸಂತೆಯ ದಿನಗಳಲ್ಲಿ, ಅದರ ಮರುದಿನಗಳಲ್ಲಿ, ಜಾತ್ರೆಯ ವಾರದಲ್ಲಿ ಗುಂಪುಗುಂಪಾಗಿ ಸೇರಿಕೊಂಡಿದ್ದವು. ಕೈತಪ್ಪಿ ಬೀಳುವ ವಸ್ತು ವಾರದ ಎಲ್ಲ ದಿನವೂ ಬೀಳಬೇಕು. ಆಗಸ್ಟ್ ಪುಟದಲ್ಲಿ ನನ್ನ ಸಾಲೂ ಸಿಕ್ಕಿತು. ರಟ್ಟಿನ ಅಂಚಿನಿಂದ ನನ್ನ ಇನಿಷಿಯಲ್ ಮಾತ್ರ ಹೊರಗೆ ಇಣುಕುತ್ತಿತ್ತು.

ರೈಟರ್ ಅಂದು ಚಹಾ ತರಿಸಿದರು. ಅವರಿಗೆ ನನ್ನ ಮೇಲೆ ಬೇಸರವಾಗಿದ್ದರೂ ತೋರಿಸಿಕೊಳ್ಳಲಿಲ್ಲ. “ಒಂದು ಎಫ್‌ಐಆರ್ ಅಂದರೆ ಏನು ಅಂದುಕೊಂಡಿದ್ದೀರಿ ಸಾರ್? ಕೋರ್ಟಿಗೆ ಪ್ರತಿ ಕಳಿಸಬೇಕು, ಸ್ಥಳ ಮಹಜರು ಮಾಡಬೇಕು, ಕೇಸ್ ಡೈರಿ ಬರೀಬೇಕು. ತಿಂಗಳ ಕ್ರೈಮ್ ಮೀಟಿಂಗಿನಲ್ಲಿ ಪತ್ತೆಯಾಗದ್ದು ಎಷ್ಟು ಅಂತ ಸಾಹೇಬರನ್ನ ನಿಲ್ಲಿಸಿ ಕೇಳ್ತಾರೆ. ಇರೋ ಮಂದಿ ಬಂದೋಬಸ್ತಿಗೇ ಸಾಲಲ್ಲ. ಮೊಬೈಲ್ ಹುಡುಕೋ ಕೆಲಸ ಹಿಂಬರಹದ ಮೇಲೂ ನಡೆಯುತ್ತೆ, ಎಫ್‌ಐಆರ್ ಮೇಲೂ ನಡೆಯುತ್ತೆ.” ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ದಾಖಲಿಸಿಕೊಳ್ಳುವುದು ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ ಎಂದು ನಾನು ಬಾಯಿ ತೆರೆದವನು ಸುಮ್ಮನಾದೆ. ನಮ್ಮ ಕಾಲೇಜಿನಲ್ಲಿ ಶೇಕಡಾವಾರು ಫಲಿತಾಂಶಕ್ಕೆ ಪ್ರಾಂಶುಪಾಲರನ್ನು ನಿಲ್ಲಿಸಿ ಕೇಳತೊಡಗಿದ ವರ್ಷಗಳಲ್ಲಿ, ದಡ್ಡ ಹುಡುಗರ ಹಾಜರಾತಿಯನ್ನು ಕೊರತೆ ಮಾಡಿ ಪರೀಕ್ಷೆಗೆ ಕೂರದಂತೆ ನೋಡಿಕೊಂಡ ಸಹೋದ್ಯೋಗಿಗಳು ನನಗೆ ಗೊತ್ತು. ಒಂದು ವರ್ಷ ಆ ಪಟ್ಟಿಗೆ ನಾನೂ ಸಹಿ ಹಾಕಿದ್ದೇನೆ. ಶೇಕಡಾವಾರು ಏರಿತ್ತು.

ಆದ್ದರಿಂದ ಠಾಣಾವಾರು ಎಫ್‌ಐಆರ್ ಸಂಖ್ಯೆಯನ್ನು ತಿಂಗಳು ತಿಂಗಳು ಪ್ರಕಟಿಸಿದರೆ ಪಾರದರ್ಶಕತೆ ಬಂದುಬಿಡುತ್ತದೆ ಎಂಬ ನನ್ನ ಮೊದಲಿನ ನಂಬಿಕೆ ಈಗ ಉಳಿದಿಲ್ಲ. ಆ ಒಂದೇ ಸಂಖ್ಯೆ ಬೆಳಕಿಗೆ ಬಂದರೆ ಅದನ್ನು ಕಡಿಮೆ ತೋರಿಸುವ ಒತ್ತಡ ಇನ್ನೂ ಹೆಚ್ಚುತ್ತದೆ, ಅರ್ಜಿಯ ವಹಿ ಇನ್ನೂ ದಪ್ಪವಾಗುತ್ತದೆ. ಬೇಕಾದದ್ದು ಮೂರೂ ವಹಿಗಳ ಲೆಕ್ಕ ಅಕ್ಕಪಕ್ಕದಲ್ಲಿ: ಎಫ್‌ಐಆರ್ ಎಷ್ಟು, ಎನ್‌ಸಿಆರ್ ಎಷ್ಟು, ಹಿಂಬರಹ ಕೊಟ್ಟು ಕಳಿಸಿದ್ದು ಎಷ್ಟು. ಒಂದು ವಹಿಯಿಂದ ಇನ್ನೊಂದಕ್ಕೆ ಸರಿದದ್ದು ಆಗ ಮಾತ್ರ ಕಾಣುತ್ತದೆ. ಇದಕ್ಕೆ ಯಾರ ಹೆಸರೂ ಬೇಡ, ಯಾವ ತನಿಖೆಗೂ ತೊಡಕಿಲ್ಲ.

ಈ ನಡುವೆ 2025ರ ಮಳೆಗಾಲದಲ್ಲಿ ನನ್ನ ಮೊಬೈಲ್ ಸಿಕ್ಕಿತು. ಕಳೆದ ಮೊಬೈಲುಗಳನ್ನು ಬ್ಲಾಕ್ ಮಾಡಿ ಪತ್ತೆಹಚ್ಚುವ ದೂರಸಂಪರ್ಕ ಇಲಾಖೆಯ ಸಿಇಐಆರ್ ವ್ಯವಸ್ಥೆಯಲ್ಲಿ ಐಎಂಇಐ ನಂಬರನ್ನು, ಅಂದರೆ ಫೋನಿನ ಗುರುತಿನ ಸಂಖ್ಯೆಯನ್ನು, ರೈಟರ್ ಅಂದೇ ನಮೂದಿಸಿದ್ದರಂತೆ. ಪಕ್ಕದ ಜಿಲ್ಲೆಯಲ್ಲಿ ಯಾರೋ ಬೇರೆ ಸಿಮ್ ಹಾಕಿದಾಗ ಸುಳಿವು ಹತ್ತಿತು. ಅದನ್ನು ವಾರಸುದಾರರಿಗೆ ಹಿಂದಿರುಗಿಸುವ ಸಮಾರಂಭಕ್ಕೆ ನನಗೂ ಕರೆ ಬಂದಿತು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ ಫೋನುಗಳು, ಹಿಂದೆ ಬ್ಯಾನರು, ಮುಂದೆ ಛಾಯಾಗ್ರಾಹಕರು. ನಮ್ಮ ಠಾಣೆಯ ಚೀಟಿ ಅಂಟಿಸಿದ್ದ ಫೋನುಗಳನ್ನು ಅಭ್ಯಾಸಬಲದಿಂದ ಎಣಿಸಿದೆ. ಮೂರು ವರ್ಷಗಳಲ್ಲಿ ನಮ್ಮ ಠಾಣೆಯಲ್ಲಿ ಕಳವಾಗಿದೆಯೆಂದು ದಾಖಲಾದ ಮೊಬೈಲುಗಳಿಗಿಂತ ಹೆಚ್ಚು ಆ ಒಂದು ಮೇಜಿನ ಮೇಲಿದ್ದವು. ಪೊಲೀಸರ ಆ ಕೆಲಸ ನಿಜಕ್ಕೂ ಮೆಚ್ಚಬೇಕಾದದ್ದು. ಅದೇ ಕೆಲಸ ಅವರದೇ ಅಪರಾಧ ಲೆಕ್ಕದಲ್ಲಿ ಎಲ್ಲೂ ಕಾಣಿಸುವುದಿಲ್ಲ, ಏಕೆಂದರೆ ಆ ಲೆಕ್ಕದ ಪ್ರಕಾರ ಅವು ಕಳವೇ ಆಗಿರಲಿಲ್ಲ.

ಮೂರು ಕಾಲಂಗಳ ಮಾಸಿಕ ಪಟ್ಟಿಯನ್ನು ಮಾಹಿತಿ ಹಕ್ಕು ಕಾಯ್ದೆಯ ಕಲಂ 4ರಂತೆ ತಾವಾಗಿಯೇ ಪ್ರಕಟಿಸಬೇಕೆಂಬ ನನ್ನ ಕೋರಿಕೆಯನ್ನು ಇಲಾಖೆ ಒಪ್ಪಲಿಲ್ಲ. ಎಫ್‌ಐಆರ್ ಅಲ್ಲದ ಅರ್ಜಿಗಳನ್ನು ವಿಷಯವಾರು ವಿಂಗಡಿಸಿ ಇಡುವ ಪದ್ಧತಿಯೇ ಇಲ್ಲವೆಂದು, ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡಲು ಬರುವುದಿಲ್ಲವೆಂದು ಉತ್ತರ ಬಂದಿತು. ಈ ಉತ್ತರದಲ್ಲಿ ಕಾನೂನಿನ ಬಲ ಇದೆ ಎಂದು ನನ್ನ ವಕೀಲರೇ ಹೇಳುತ್ತಾರೆ. ಹೀಗಿದ್ದರೂ ತೊಂಬತ್ತು ದಿನದ ಗಡುವಿನೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಹಾಕಿದ್ದೇನೆ. ಅದರ ಜೊತೆಗೆ ಗೀಟು ಹಾಕಿ ಎಣಿಸಿದ ನನ್ನ ನಾಲ್ಕು ಹಾಳೆಗಳನ್ನು ಲಗತ್ತಿಸಿದ್ದೇನೆ, ಒಬ್ಬ ಮುದುಕ ಒಂದು ದಿನದಲ್ಲಿ ಮಾಡಿದ ವಿಂಗಡಣೆ ಇದು ಎಂದು ಮೇಲೆ ಬರೆದು. ಫೈಲ್ ಸಂಖ್ಯೆ ಬಂದಿದೆ, ವಿಚಾರಣೆಯ ದಿನಾಂಕ ಇನ್ನೂ ಬಂದಿಲ್ಲ.